ಒಂದು ಸ್ವರ

ಪ್ರಮಾಣ ಮಾಡಿಸಿದರು. ಮಾಡಿದೆ.
ಏಳು ವರ್ಷದ ಹಿಂದೆಯೂ ಮಾಡಿದ್ದೆ,
ಇದೇ ಕೊಶಿತ್ಸೆಯಲ್ಲಿ, ಹೀಟರ್ ಕೆಟ್ಟ ಕೋಣೆಯೊಂದರಲ್ಲಿ,
ಕೋಟು ಬಿಚ್ಚದೆ.

ನಾನು ದುಭಾಷಿ. ಗಂಟೆ ಲೆಕ್ಕದ ಕೂಲಿ.
ಅಜ್ಜಿ ಕೇರಿಯಲ್ಲೇ ಸತ್ತವಳು, ಅಮ್ಮ ಕೇರಿ ಬಿಟ್ಟವಳು,
ನಾನು ಕೇರಿಯ ಮಾತಿಗೆ ಇಸ್ತ್ರಿ ಹಾಕಿ
ಸ್ಲೊವಾಕ್ ಕಾಗದದ ಮೇಲೆ ಮಡಚಿಡುವವಳು.

ಅಂದು ಎದುರಿಗೆ ಎರ್ಝಿಕಾ ಝಿಗೋವಾ.
ಬಲಗೈಗೆ ಪಟ್ಟಿ, ಕಾಲಿಗೆ ಮಗನ ಬೂಟು,
ಎರಡು ಅಳತೆ ದೊಡ್ಡದು.
ಹೆಸರು, ಹುಟ್ಟಿದ ದಿನ, ಕಸುಬು.
ಕಸುಬಿಲ್ಲ ಅಂದಳು, ಆರು ಮಕ್ಕಳು ಅಂತಲೂ ಅಂದಳು,
ಎರಡನೆಯದನ್ನು ಯಾರೂ ಬರೆಯಲಿಲ್ಲ.
ಬಂದವರೆಷ್ಟು? ಎಣಿಸಲಿಲ್ಲ.
ಹೆಲ್ಮೆಟ್ಟಿನ ನಂಬರು? ಅದರ ಮೇಲೆ ಕಪ್ಪು ಟೇಪು.
ಯಾರನ್ನು ಹುಡುಕುತ್ತಿದ್ದರು?
ಯಾರನ್ನೋ. ಸಿಗಲಿಲ್ಲ. ಸಿಕ್ಕವರಿಗೆ ಬಡಿದರು.
ನಿನ್ನ ಮಗ ದೆಜ್ಕೊ?
ಒಲೆಯ ಪಕ್ಕ ಬಿದ್ದಿದ್ದ.
ಆಮೇಲೆ ಏನು ಕಂಡೆ?

ಆಗ ಅಂದಳು, ದನಿ ಏರಿಸದೆ:
ಮನೆಯೊಳಗೆಲ್ಲ ಕಾಲೋ ರತ್.

ನಮ್ಮ ಮಾತಿನಲ್ಲಿ ನೆತ್ತರೂ ರತ್, ಇರುಳೂ ರತ್.
ನೆತ್ತರು ಗಂಡು, ಇರುಳು ಹೆಣ್ಣು.
ಕಾಲೋ ಎಂದರೆ ಕಪ್ಪಗೆ ಹೆಪ್ಪುಗಟ್ಟಿದ್ದು,
ಕಾಲಿ ಎಂದರೆ ಕವಿದ ಕಗ್ಗತ್ತಲು.
ನಡುವೆ ಇರುವುದು ಒಂದು ಓ, ಒಂದು ಇ,
ಬಾಯಿ ದುಂಡಗಾಗುವುದು, ಬಾಯಿ ಅಗಲವಾಗುವುದು, ಅಷ್ಟೆ.

ತನಿಖಾಧಿಕಾರಿಯ ಪೆನ್ನು ನಿಂತಿತ್ತು.
ಅವನು ನೋಡುತ್ತಿದ್ದುದು ಅವಳನ್ನಲ್ಲ, ನನ್ನನ್ನು.
ಅವನ ಮೇಜಿನ ಮೇಲೆ ನನ್ನ ಮುಂದಿನ ತಿಂಗಳ
ಕೆಲಸದ ದಿನಾಂಕಗಳಿದ್ದವು.
ನಾನೆಂದೆ: ಮನೆಯೊಳಗೆಲ್ಲ ಕಪ್ಪು ರಾತ್ರಿ.

ಅವನು ಬರೆದುಕೊಂಡ. ಓದಿ ಹೇಳಿದ, ಅವನ ಭಾಷೆಯಲ್ಲಿ.
ಅವಳು ಎಡಗೈಯಿಂದ ಸಹಿ ಹಾಕಿದಳು.

ದಾಳಿ ನಡೆದದ್ದು ಮಧ್ಯಾಹ್ನ ಮೂರೂವರೆಗೆ.
ತಂತಿಯ ಮೇಲಿನ ಬಟ್ಟೆ ಒಣಗುವಷ್ಟು ಬಿಸಿಲಿತ್ತು.
ಹಾಗಾಗಿ ಕಡತ ಹೇಳಿತು:
ಹಗಲನ್ನು ರಾತ್ರಿ ಎನ್ನುವ ಹೆಂಗಸು.
ಹುಡುಗ ಮೆಟ್ಟಿಲಿನಿಂದ ಜಾರಿರಬಹುದು.
ಆ ಮನೆಗೆ ಮೆಟ್ಟಿಲೇ ಇಲ್ಲ.
ಪೊಲೀಸರೆಲ್ಲ ಹೊರಗೆ ನಿಂತಿದ್ದರಂತೆ, ಹದಿನಾಲ್ಕಕ್ಕೆ ಹದಿನಾಲ್ಕೂ ಜನ,
ಬಾಗಿಲು ತಾನಾಗಿಯೇ ಮುರಿದುಕೊಂಡಿತಂತೆ.
ಕಡತ ಮುಚ್ಚಿದರು. ತೆರೆಸಿದಳು. ಮುಚ್ಚಿದರು.
ಆಮೇಲೆ ಸುಳ್ಳು ಸಾಕ್ಷಿಯ ಮೊಕದ್ದಮೆ, ಅವಳ ಮೇಲೇ.
ದೆಜ್ಕೊಗೆ ಈಗ ಇಪ್ಪತ್ನಾಲ್ಕು. ಎಡಗಿವಿ ಕೇಳಿಸುವುದಿಲ್ಲ,
ಎಡಬದಿಗೆ ನಡೆಯುವವರು ಏನಂದರೂ ಸುಮ್ಮನೆ ನಗುತ್ತಾನೆ.

ನಾನೋ, ಹಲ್ಲುಜ್ಜುವಾಗ ಕನ್ನಡಿಯಲ್ಲಿ
ಓ, ಇ, ಓ, ಇ.
ನೊರೆ ಉಗುಳಿ ಕೆಲಸಕ್ಕೆ ಹೋಗುತ್ತಿದ್ದೆ.

ಇವತ್ತು ನ್ಯಾಯಾಧೀಶೆ ಕೇಳಿದರು:
ಅಂದು ನಿಮಗೆ ತಪ್ಪಾಗಿ ಕೇಳಿಸಿತೆ?
ವಕೀಲ ಹೇಳಿಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲಿತ್ತು:
ಹೌದು, ಗದ್ದಲವಿತ್ತು, ಸಣ್ಣ ವ್ಯತ್ಯಾಸ, ಯಾರಿಗಾದರೂ ಆಗಬಹುದು.
ಇಲ್ಲ, ಅಂದೆ. ಸರಿಯಾಗಿಯೇ ಕೇಳಿಸಿತ್ತು.
ಕೋಣೆಯಲ್ಲಿ ಗದ್ದಲವಿರಲಿಲ್ಲ.

ಯಾರೋ ಕೆಮ್ಮಿದರು. ಗುಮಾಸ್ತೆ ತಲೆಯೆತ್ತಿ ಕೇಳಿದಳು,
ತಿದ್ದಬೇಕಾದದ್ದು ಯಾವ ಅಕ್ಷರ?

ಎರ್ಝಿಕಾ ಎರಡನೇ ಸಾಲಿನಲ್ಲಿ ಕೂತಿದ್ದಳು,
ಇಂದು ಕಾಲಲ್ಲಿ ಅವಳದೇ ಅಳತೆಯ ಬೂಟು.
ಕ್ಷಮಿಸುವ ಮುಖವಲ್ಲ ಅದು.
ಈ ಏಳು ವರ್ಷ ಅವಳಿಗೆ ಸ್ಲೊವಾಕ್ ಕಲಿಸಿದ್ದವು,
ದುಭಾಷಿ ಬೇಡ ಎಂದು ಅರ್ಜಿಯಲ್ಲೇ ಬರೆದಿದ್ದಳು.
ನಾನು ಬಾಯಿ ತೆರೆಯುವ ಮೊದಲೇ
ಅವಳ ತುಟಿಗಳು ದುಂಡಗಾದವು.