ಎಲ್ ಬೋರ್ಡು

"ಎಂಜಿನ್ ಕಚ್ಕೊಂಬಿಟ್ಟೈತೆ ಅಕ್ಕಾ," ಅಂದ ಬಾಬಾಜಾನ್,
ಆಯಿಲ್ ಕಡ್ಡಿ ಎಳೆದು ಬನಿಯನ್ ಬಟ್ಟೆಗೆ ಒರೆಸುತ್ತ.
ಬಟ್ಟೆಗೆ ಏನೂ ಅಂಟಲಿಲ್ಲ.
ನೋಡಿಕೊಳ್ಳಬೇಕಾದವಳು ನಾನೇ.

ಬಿಚ್ಚಿ ಬೋರ್ ಮಾಡಿಸಿದರೆ ನಲವತ್ತೆಂಟು ಸಾವಿರ.
ಗುಜರಿಯವನು ಟೈರು ಒದ್ದು ನೋಡಿ, ಹದಿನೆಂಟು ಅಂದ,
ಬ್ಯಾಟರಿ ಬೇರೆ ಲೆಕ್ಕ.
ರಸೀದಿ ಪುಸ್ತಕದ ಬೆನ್ನ ಮೇಲೆ ಕೂಡಿ ಕಳೆದೆ,
ಎರಡು ಸಲ, ಎರಡು ಉತ್ತರ.

ಅರ್ಧ ಚಿಂತಾಮಣಿ
ಕ್ಲಚ್ಚಿನ ಮೇಲೆ ಕಾಲಿಡಲು ಕಲಿತದ್ದು ಇದರಲ್ಲೇ.
ಟೊಮೆಟೊ ಮಂಡಿ ಹಿಂದಿನ ಬಯಲಲ್ಲಿ
ಎಷ್ಟು ಸಲ ಗಕ್ಕನೆ ನಿಂತು, ನನ್ನಿಂದ ಬೈಸಿಕೊಂಡು, ಮತ್ತೆ ಹೊರಟಿತ್ತು!
ಈ ಸಲ ಸ್ಟಿಯರಿಂಗ್ ಹಿಡಿದವಳು ನಾನು,
ಬೈಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಗುಜರಿಯವನಿಗೆ ನಾಳೆ ಬಾ ಅಂದೆ.

ಅವನಿಗಿಂತ ಮೊದಲೇ ಬಂದರು
ಅಂಗನವಾಡಿಯ ಮುನಿಲಕ್ಷ್ಮಮ್ಮ,
ಚಾವಿ ತಿರುಗಿಸಿದರೆ ಸಾಕು, ಅಂಗೈ ಬೆವರುವವರು.
"ಓಡಲ್ವಂತಲ್ಲ?"
"ಓಡಲ್ಲ."
ಚಪ್ಪಲಿ ಕಳಚಿ ಒಳಗೆ ಕೂತು
ಒಂದು, ಎರಡು, ಮೂರು...
ನಾಲ್ಕನೇ ಗೇರಿಗೆ ಮೊದಲ ಸಲ ಅವರ ಕೈ ಹೋಯಿತು.
ಕನ್ನಡಿ ಸರಿ ಮಾಡಿಕೊಂಡರು,
ಗಟ್ಟಿಯಾಗಿ ಹಾರನ್ ಒತ್ತಿದರು.

ಗೇಟಿನಲ್ಲಿ ನಿಂತಿದ್ದ ಗುಜರಿಯವನು
ಪಕ್ಕಕ್ಕೆ ಸರಿದ.