ತಗಡು ಮುಗಿದ ಮೇಲಿನ ಸಾಲು

ಬೋರ್ಡು ಬರೆದವನು ನಾನೇ.
ಧಾರವಾಡದ ಕೆಳಗೇರಿ ಕೆರೆ, ಏರಿಯ ಮೇಲಿನ ಬೇವಿನ ಮಗ್ಗುಲಿಗೆ
ನಾಲ್ಕಡಿಗೆ ಮೂರಡಿ ತಗಡು,
ಹಳದಿ ನೆಲ, ಕರಿ ಅಕ್ಷರ,
'ಬಾರದು' ಬಂದಲ್ಲೆಲ್ಲ ಕೆಂಪು.

ದಂಡೆಯಲ್ಲಿ ಮೀನು ಸೀಳಬಾರದು.
ಹುರುಪೆ, ಕರುಳು, ಕಿವಿರು ನೀರಿಗೆ ಎಸೆಯಬಾರದು.
ಅರಿವೆ ಒಗೆಯುವ ಕಲ್ಲಿನ ಮೇಲೆ ಕೊಯ್ಯಬಾರದು.
ತಪ್ಪಿದರೆ ದಂಡ ಇನ್ನೂರು.

ಮೊದಲು ಬರೆದದ್ದು ನೂರು.
ಸಾಹೇಬರು ಬಂದು ನೋಡಿ ಗೊಣಗಿದ ಮೇಲೆ
ಹಿಂದೆ ಒಂದು ಇ, ಕೆಳಗೆ ಒಂದು ನ-ಒತ್ತು ತುರುಕಿದೆ.
ಹತ್ತಿರ ಹೋಗಿ ನೋಡಿರಿ,
ಆ ಇ ಇನ್ನೂ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವರ ಹಾಗೆ ನಿಂತಿದೆ.

ಚೀಟಿಯಲ್ಲಿ ಮತ್ತೂ ನಾಲ್ಕು ಸಾಲಿದ್ದವು.
ತಗಡು ಮುಗಿದಿತ್ತು.
ಅವರು ಕೊಟ್ಟದ್ದು ತಗಡಿಗಿಷ್ಟು ಅಂತ, ಸಾಲಿಗಿಷ್ಟು ಅಂತಲ್ಲ.
ಅದೇ ಚೀಟಿಯಲ್ಲಿ ಬ್ರಷ್ ಒರೆಸಿ ಮನೆಗೆ ಹೋದೆ.

ರವಿವಾರ ಗಾಳ ಹಾಕಲಿಕ್ಕೆ ಬಂದ ದುರಗಪ್ಪ ಬಾರಕೇರ
ಹಸಿ ಗೋಣಿಯಲ್ಲಿ ಎರಡು ಜಿಲೇಬಿ, ಒಂದು ಕೊರವ ಸುತ್ತಿಕೊಂಡು
ನನ್ನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ.
ಕೊರವ ಗೋಣಿಯೊಳಗೇ ಒದೆಯುತ್ತಿತ್ತು.
"ಪೇಂಟರ್ರ, ಬ್ಯಾಡ ಬ್ಯಾಡ ಅಂತ ಇಷ್ಟ್ ಛಂದ ಬರದೀರಿ,
ಎಲ್ಲೆ ಹಸನ ಮಾಡ್ಬೇಕು ಅನ್ನೂದು ಬರದ ಇಲ್ಲಲ್ಲ?
ನಂದು ಬಾಡಗಿ ಖೋಲಿ. ಮಾಲಕರು
ಬಚ್ಚಲದ ಮೋರಿ ಮೂಸಿ ನೋಡಾವ್ರು."

ನನಗೆ ಬಾಯಿ ಬರಲಿಲ್ಲ.
ಕಚೇರಿಗೆ ಹೋದೆ. ಚೀಟಿ ಕೊಟ್ಟ ಗುಮಾಸ್ತ ವರ್ಗವಾಗಿದ್ದ.
ಕುರ್ಚಿಗೆ ಬಂದ ಹೊಸಬ
ಚಹಾದ ಲೋಟದಿಂದ ತುಟಿ ತೆಗೆಯದೆ ಹೇಳಿದ:
"ಎಲ್ಲಾ ಬೋರ್ಡಿನ್ಯಾಗ ಐತಲ್ರೀ, ಹೋಗಿ ಓದ್ಕೋರಿ."

ಕಲ್ಲಿನ ಹತ್ತಿರ ಸಾಂವಕ್ಕ ಅರಿವೆ ಹಿಂಡುತ್ತಿದ್ದಳು.
ಬೋರ್ಡು ಬಂದದ್ದು ಆಕೆಯ ಅರ್ಜಿಯಿಂದಲೇ.
"ಯಾರದೋ ರೇಶ್ಮಿ ಸೀರಿಗೆ ಹುರುಪಿ ಹತ್ತಿ,
ಒಣಗಿದ ಮ್ಯಾಲ ಜರಿ ಅಂತ ತಿಳದು ನಾನೂ ಮಡಚಿ ಕೊಟ್ಟೆ.
ಲಗ್ನದ ಮನಿತನಕಾ ಬೆಕ್ಕು ಬೆನ್ನ ಹತ್ತಿತ್ತಂತ, ಯಪ್ಪಾ."
ನಕ್ಕಳು. ಆಮೇಲೆ ನಗಲಿಲ್ಲ:
"ಆ ಸೀರಿ ದುಡ್ಡು ಇನ್ನೂ ತೀರಸಾಕ್ಹತ್ತೇನಿ."

ಕೊನೆಗೆ ತೋರಿಸಿದವನು ಕಾವಲುಗಾರ ಹಜರೇಸಾಬ.
ಪಂಪ್‌ಹೌಸಿನ ಹಿಂದೆ, ಜಾಲಿಯ ಮುಳ್ಳು ಸರಿಸಿದರೆ
ಸೊಂಟದೆತ್ತರದ ಸಿಮೆಂಟು ಕಟ್ಟೆ,
ಒಂದು ನಳ,
ಕೆರೆಯ ಕಡೆಗಲ್ಲದೆ ಇಂಗುಗುಂಡಿಯ ಕಡೆಗೆ ಇಳಿಜಾರು.
ಯಾರೋ ತಿಳಿದವರೇ ಕಟ್ಟಿದ್ದಾರೆ. ಯಾರಿಗೂ ಹೇಳಿಲ್ಲ.
ಕಟ್ಟೆಯ ಮೇಲೆ ಬೆರಣಿ ಒಣಹಾಕಿದ್ದರು.

ಆ ಸಂಜೆ ಏಣಿ ಹೊತ್ತು ಮತ್ತೆ ಹೋದೆ.
ಬೋರ್ಡಿನ ಮುಖ ರಸ್ತೆಗೆ. ಬೆನ್ನು ನೀರಿಗೆ.
ಮೀನು ಹಿಡಿದವನು ಏರಿ ಹತ್ತಿ ಬರುವಾಗ
ಅವನ ಕಣ್ಣಿಗೆ ಬೀಳುವುದು ತುಕ್ಕು ಹಿಡಿದ ಬೆನ್ನು ಮಾತ್ರ.
ಅಲ್ಲಿ ಬರೆದೆ, ಬಿಲ್ಲಿಲ್ಲದೆ,
ಉಳಿದ ನೀಲಿಯಲ್ಲಿ:

ಮೀನು ಹಸನ ಮಾಡುವ ಕಟ್ಟೆ ಪಂಪ್‌ಹೌಸಿನ ಹಿಂದೆ.
ಹಜರೇಸಾಬ ಅಳೆಯುವವರೆಗೆ ತಲೆ ಬಾಲ ಬಿಡಿಸಬೇಡಿ;
ಗೇಣಿಗಿಂತ ಗಿಡ್ಡ ಇದ್ದರೆ ಜೀವಂತ ತಿರುಗಿ ಬಿಡಿ.
ಕರುಳು ಗುಂಡಿಗೆ, ಮೇಲೆ ಒಂದು ಮುಷ್ಟಿ ಸುಣ್ಣ.
ನಳ ನಿಲ್ಲಿಸಿ ಹೋಗಿ.

ಚೀಟಿಯಲ್ಲಿ ಇದೇ ಇತ್ತೋ ಇಲ್ಲವೋ, ದೇವರಾಣೆ ನೆನಪಿಲ್ಲ.
ಅರ್ಧ ಹಜರೇಸಾಬ ಹೇಳಿದ್ದು, ಅರ್ಧ ದುರಗಪ್ಪ,
ಸುಣ್ಣದ ಮಾತು ಸಾಂವಕ್ಕನದು.
ಕಾಯದೆ ಹೀಗೂ ಆಗುತ್ತದೆಯೇ ಎಂದು ಕೇಳಬೇಡಿ,
ನಾನು ಅಕ್ಷರದವನು.

ಬಾಣದ ಗುರುತು ತುಸು ಸೋರಿತು.
ಬಣ್ಣ ಹಸಿಯಿರುವಾಗಲೇ ದುರಗಪ್ಪ ಬಂದು
'ಕಟ್ಟೆ' ಅನ್ನುವುದರ ಮೇಲೆ ಬೆರಳಿಟ್ಟು ಕೂಡಿಸಿ ಓದಿದ.
ಬೆರಳಿನದೊಂದು ಹುರುಪೆ ಟ-ಒತ್ತಿಗೆ ಅಂಟಿತು.

ತೆಗೆದಿಲ್ಲ.
ಬಿಸಿಲು ಬಿದ್ದಾಗ ಆಚೆ ದಂಡೆಯಿಂದ ಕಾಣುವುದು
ಅದೊಂದೇ.