ಕಳವಾದದ್ದು: ಒಂದು

ನನ್ನ ಕೆಲಸ ಇಷ್ಟೇ. ಕದ್ದುಹೋದ ಹಕ್ಕಿಯ ಜಾಗಕ್ಕೆ
ಇನ್ನೊಂದು ಹಕ್ಕಿ ತಂದು ನಿಲ್ಲಿಸುವುದು.
ನೀಲಿ ತಗಡಿನ ಮೇಲೆ ಬಿಳಿ ಕಡಲಹಕ್ಕಿ,
ಸಿಟ್ಟೋ ಗತ್ತೋ ತಿಳಿಯದ ಕಣ್ಣು.
ಬೋರ್ಡು ಕಂಡಲ್ಲೆಲ್ಲ ಕಾರು ತಿರುಗಿಸುತ್ತ ಹೋದರೆ
ನಲವತ್ತೊಂಬತ್ತು ಮೈಲಿ,
ಸಾನ್ ಫ್ರಾನ್ಸಿಸ್ಕೋ ಬಟ್ಟೆ ಅಂಗಡಿಯವನ ಹಾಗೆ
ಥಾನಿನ ಮೇಲೆ ಥಾನು ಬಿಚ್ಚಿ ಹಾಸುತ್ತದೆ:
ಸೇತುವೆ, ಸಮುದ್ರ, ಉದ್ಯಾನ, ಅವಳಿ ಗುಡ್ಡ.

ರಾತ್ರಿ ಯಾರೋ ಸ್ಪ್ಯಾನರ್ ತರುತ್ತಾರೆ.
ಬೆಳಿಗ್ಗೆ ಬರೀ ಕಂಬ, ಎರಡು ತೂತು.
ರಿಜಿಸ್ಟರಿನಲ್ಲಿ ಬರೆಯುತ್ತೇನೆ, ಕಳವಾದದ್ದು: ಒಂದು.
ಇಪ್ಪತ್ತಾರು ವರ್ಷ ಹೀಗೇ.

ಅಕ್ಕ ಪೂರಿಟಾ ಈ ದಾರಿಯಲ್ಲಿ ಒಮ್ಮೆಯೂ ಹೋದವಳಲ್ಲ.
ರಾತ್ರಿ ಪಾಳಿ, ಆಸ್ಪತ್ರೆಯ ಹಾಸಿಗೆ ಬದಲಿಸುವುದು,
ಹದಿನಾಲ್ಕನೇ ನಂಬರಿನ ಬಸ್ಸು, ಕಿಟಕಿಗೆ ತಲೆ ಆನಿಸಿ ನಿದ್ದೆ.
ನಾವಿರುವುದು ಎಕ್ಸೆಲ್ಸಿಯರ್‌ನಲ್ಲಿ. ಇಲ್ಲಿ
ಪ್ಯಾರಿಸ್ ಬೀದಿ ದಾಟಿದರೆ ಲಿಸ್ಬನ್ ಬೀದಿ,
ಲಿಸ್ಬನ್ ದಾಟಿದರೆ ಮ್ಯಾಡ್ರಿಡ್.
ಹಾಲು ತರಲು ಹೋದರೆ ಅರ್ಧ ಯೂರೋಪು ಮುಗಿಯುತ್ತದೆ.
ಆ ಹಕ್ಕಿ ಮಾತ್ರ ಈ ಕಡೆ
ತಲೆ ಹಾಕಿಯೂ ಮಲಗಲ್ಲ.

ನಿವೃತ್ತಿಯಾದ ಮರುವಾರ ಕೇಳಿದಳು:
"ಬಣ್ಣ ಹೋದ ಬೋರ್ಡು ಏನ್ ಮಾಡ್ತೀರೋ?"
ಗುಜರಿಗೆ, ಅಂದೆ.
ಗುಜರಿಯವನು ಅವಳಿಗೆ ಗೊತ್ತಿದ್ದ.

ಗ್ಯಾರೇಜಿನಲ್ಲಿ ತಗಡು ಕತ್ತರಿ, ಹಳೇ ಇಸ್ತ್ರಿ ಮೇಜು.
ಬಿಸಿಲಿಗೆ ಬಿಳಚಿದ ನೀಲಿಯನ್ನು ಹಾಗೇ ಬಿಟ್ಟಳು.
ಒಂದು ಹಕ್ಕಿಯ ಕೊಕ್ಕಿನಲ್ಲಿ ಲಾಂಡ್ರಿ ಟೋಕನ್.
ಇನ್ನೊಂದು ನಿಂತದ್ದು, ಪಕ್ಕದ ಮನೆ ಓಚಾಗಾವಿಯಾ
ಬಿಟ್ಟುಹೋದ ಊರುಗೋಲಿನ ತುಂಡಿನ ಮೇಲೆ.
ಮೂರನೆಯದು ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿತ್ತು.
"ಇದು ಯಾವ ಕಡೆ ದಾರಿ ತೋರಿಸುತ್ತೆ?"
"ಯಾರಾದ್ರೂ ಹಿಂದೆ ಉಳಿದರಾ ಅಂತ ನೋಡ್ತಿದೆ, ಸುಮ್ನಿರು."
ಮೈಲಿ ಯಾವುದರಲ್ಲೂ ನಲವತ್ತೊಂಬತ್ತಲ್ಲ.
ಒಂದರಲ್ಲಿ ಅರ್ಧ.
ಒಂದರಲ್ಲಿ, ಬಸ್ಸು ಬರೋ ತನಕ.

ಮಂಜು ಇಳಿದ ಭಾನುವಾರ ಏಣಿ ಹಿಡಿದವನು ನಾನೇ.
ಬೇಲಿಗೆ, ಗ್ಯಾರೇಜು ಬಾಗಿಲಿಗೆ, ಬೇಕರಿ ಗೋಡೆಗೆ.
ಕಂಬಕ್ಕಲ್ಲ. ಕಂಬ ಸರ್ಕಾರದ್ದು,
ಅಷ್ಟು ನಿಯತ್ತು ನನಗಿದೆ.

ಯಾರೂ ಕಾರು ನಿಲ್ಲಿಸಲಿಲ್ಲ.
ನಿಜವಾದ ಕಡಲಹಕ್ಕಿಯೊಂದು ಬಂದು ಮೇಲೆ ಕೂತು
ತನ್ನ ಅಭಿಪ್ರಾಯವನ್ನು ಬೆಳ್ಳಗೆ ಬಿಟ್ಟು ಹೋಯಿತು.

ಹನ್ನೊಂದನೆಯ ಬೆಳಿಗ್ಗೆ
ಲಿಸ್ಬನ್ ಬೀದಿಯ ಮೂಲೆಯಲ್ಲಿ ಬರೀ ಬೇಲಿ.
ಹಿಂದಕ್ಕೆ ನೋಡುತ್ತಿದ್ದದ್ದು ಇಲ್ಲ.
ಹೇಗೆ ಹೇಳಲಿ ಎಂದು ಎರಡು ಸುತ್ತು ಹಾಕಿ ಬಂದು ಹೇಳಿದೆ.
ಮನೆಯ ಚಪ್ಪಲಿಯಲ್ಲೇ ಓಡಿದಳು,
ತೂತುಗಳಿಗೆ ಬೆರಳಿಟ್ಟು ನೋಡಿದಳು:
ಕಿತ್ತಿಲ್ಲ. ಮುರಿದಿಲ್ಲ. ಬಿಚ್ಚಿದ್ದಾರೆ.
"ಸ್ಪ್ಯಾನರ್ ತಂದಿದ್ದಾರೆ ಕಣೋ!"
ನಾಲ್ಕು ಮನೆಗೆ ಕೇಳುವ ಹಾಗೆ,
"ಸ್ಪ್ಯಾನರ್ ತಂದಿದ್ದಾರೆ!"

ಆಫೀಸಿಗೆ ಹೋಗಿ ರಿಜಿಸ್ಟರ್ ತೆಗೆದೆ.
ಲಿಸ್ಬನ್ ಬೀದಿಗೆ ಅದರಲ್ಲಿ ಸಾಲೇ ಇಲ್ಲ.
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಬರೆದೆ.